ಹದಿನೇಳನೆಯ ಕೆಂಪು ಚುಕ್ಕೆ

ಹಿರೇಬಂಡೆ, ಹೊಸನಗರ ತಾಲ್ಲೂಕು
12 ಜೂನ್ 2023

ತೀರ್ಥಹಳ್ಳಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ವಾಗ್ದೇವಿ ಮೇಡಂ ಅವರಿಗೆ,

ನಾನು ಜಟ್ಟಪ್ಪ. ನಮ್ಮೂರ ಗ್ರಾಮ ಅರಣ್ಯ ಸಮಿತಿಗೆ ಈ ಯುಗಾದಿಯಿಂದ ಅಧ್ಯಕ್ಷ. ನಿಮ್ಮ ವಿಳಾಸ ಕೊಟ್ಟವರು ಫಾರೆಸ್ಟ್ ಗಾರ್ಡ್. ಅವರನ್ನು ಬೈಯಬೇಡಿ, ನಾನೇ ಬಿಡದೆ ಕೇಳಿ ಪಡೆದೆ.

ಕಳೆದ ವಾರ ನನ್ನ ಹೆಂಡತಿ ಕನ್ನಮ್ಮ ಹುಲ್ಲು ತರಲು ಗುಡ್ಡಕ್ಕೆ ಹೋದವಳು ಬರಿಗೈಯಲ್ಲಿ ಓಡಿ ಬಂದಳು. ಬಂಡೆಗಳ ಮೇಲೆ ಕೆಂಪು ಬಣ್ಣದ ಚುಕ್ಕೆ, ಪಕ್ಕದಲ್ಲಿ ನಂಬರು. ನಾನು ಹೋಗಿ ಎಣಿಸಿದೆ. ಏಳು ಬಂಡೆ, ಇಪ್ಪತ್ನಾಲ್ಕು ಚುಕ್ಕೆ. ನೆರೆಮನೆಯ ಯೋಗರಾಜ ಗಾರೆ ಕೆಲಸ ಬಲ್ಲವನು. ಅವನ ಲೆವೆಲ್ ಪೈಪಿಗೆ ನೀರು ತುಂಬಿಸಿ ಮೊದಲ ಚುಕ್ಕೆಯಿಂದ ಕೊನೆಯದಕ್ಕೆ ಹಿಡಿದೆವು. ಇಡೀ ಗುಡ್ಡ ಸುತ್ತಿದರೂ ಮಟ್ಟದಲ್ಲಿ ಒಂದು ಗೇಣಿನ ವ್ಯತ್ಯಾಸ ಅಷ್ಟೇ. ಇದರ ಅರ್ಥವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಹುಟ್ಟಿದ ಊರು ಸಾಗರ ಸೀಮೆಯ ಹೊಳೆಕೊಪ್ಪ. ನೀವು ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಲಿಂಗನಮಕ್ಕಿ ಕಟ್ಟುವ ಮೊದಲು ಅಲ್ಲಿಯೂ ಬಂಡೆಗೆ, ಮರಕ್ಕೆ ಹೀಗೆಯೇ ಬಣ್ಣ ಬಳಿದಿದ್ದರು. ನೀರು ಸರಿಯಾಗಿ ಆ ಬಣ್ಣದ ತನಕ ಬಂದು ನಿಂತಿತು. ಈಗ ಜನ ಸಿಗಂದೂರಿಗೆ ಹೋಗುವಾಗ ಲಾಂಚಿನ ಮೇಲೆ ನಿಂತು ಸೆಲ್ಫಿ ತೆಗೆಯುತ್ತಾರಲ್ಲ, ಅಲ್ಲೇ ಕೆಳಗೆ ನಮ್ಮ ಅಂಗಳ. ಇಲ್ಲಿಗೆ ಬಂದು ನೆಲೆ ಊರುವಷ್ಟರಲ್ಲಿ ಮಾಸ್ತಿಕಟ್ಟೆ ಕಡೆ ಮಾಣಿ ಡ್ಯಾಂ ಬಂತು. ಆ ಸಲ ನೀರು ನಮ್ಮನ್ನು ಮುಟ್ಟದೆ ಬಿಟ್ಟಿತು. ಇನ್ನೊಂದು ಸಲ ಗಂಟು ಹೊರಲು ನನ್ನ ಸೊಂಟದಲ್ಲಿ ಶಕ್ತಿಯಿಲ್ಲ.

ಬಣ್ಣ ಬಳಿದವರು ನೀವೆಂದು ಗಾರ್ಡ್ ಹೇಳಿದರು. ನಿಮ್ಮನ್ನು ಕಳಿಸಿದವರು ಯಾರು? ಯಾವ ಯೋಜನೆ? ಉಪಯೋಗ ಯಾರಿಗೆ? ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ. ಇದ್ದರೂ ನಾನು ಫೋನಿನಲ್ಲಿ ಮಾತಾಡುತ್ತಿರಲಿಲ್ಲ, ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಕಾಗದದಲ್ಲಿ ಬರೆದು ಸಹಿ ಹಾಕಿ ಕಳಿಸಿ. ಈ ಪತ್ರದ ಜೆರಾಕ್ಸ್ ನನ್ನ ಬಳಿ ಇದೆ.

ಜಟ್ಟಪ್ಪ


ತೀರ್ಥಹಳ್ಳಿ
20 ಜೂನ್ 2023

ಮಾನ್ಯ ಜಟ್ಟಪ್ಪನವರಿಗೆ ನಮಸ್ಕಾರಗಳು.

ನಿಮ್ಮ ರಿಜಿಸ್ಟರ್ ಪತ್ರ ತಲುಪಿತು. ಲೆವೆಲ್ ಪೈಪ್ ಹಿಡಿದು ಗುಡ್ಡ ಸುತ್ತಿದ್ದನ್ನು ಓದಿ ನನಗೆ ನಿಜವಾಗಿಯೂ ಖುಷಿಯಾಯಿತು. ನನ್ನ ವಿದ್ಯಾರ್ಥಿಗಳು ಯಾರೂ ಇಷ್ಟು ಚೆನ್ನಾಗಿ ಪರೀಕ್ಷೆ ಮಾಡಿಲ್ಲ.

ಯಾವ ಅಣೆಕಟ್ಟೂ ಇಲ್ಲ. ಗಾಬರಿಯಾಗಬೇಡಿ. ಪ್ರತಿ ಚುಕ್ಕೆಯ ಪಕ್ಕ ಬಂಡೆಗೆ ಚಪ್ಪಟೆಯಾಗಿ ಅಂಟಿಕೊಂಡ ಬೂದಿ ಬಣ್ಣದ ಮಚ್ಚೆಯೊಂದಿದೆ, ನೋಡಿ. ಅದು ಕಲ್ಲುಹೂವಿನ ಒಂದು ಜಾತಿ. ಮಸಾಲೆಗೆ ಹಾಕುವುದಲ್ಲ, ಅದರ ದೂರದ ನಂಟ. ನಾನು ಹನ್ನೊಂದು ವರ್ಷದಿಂದ ಜೂನ್ ಮತ್ತು ಜನವರಿಯಲ್ಲಿ ಬಂದು ಅದೇ ಮಚ್ಚೆಗಳ ಫೋಟೋ ತೆಗೆದು ಎಷ್ಟು ಬೆಳೆದಿವೆ ಎಂದು ಅಳೆಯುತ್ತಿದ್ದೇನೆ. ಹಳೆಯ ಬಣ್ಣ ಮಾಸಿತ್ತು, ಈ ಸಲ ಹೊಸದಾಗಿ ಬಳಿದೆ. ಎಲ್ಲವನ್ನೂ ಒಂದೇ ಮಟ್ಟದಲ್ಲಿ ಆರಿಸಿದ್ದು ಗಾಳಿ, ನೆರಳು, ತೇವ ಒಂದೇ ಸಮ ಇರಲಿ ಎಂದು. ಹಿಂದೆ ಅಧ್ಯಕ್ಷರಾಗಿದ್ದ ಸುಬ್ಬಪ್ಪನವರಿಗೆ ಇದೆಲ್ಲ ಗೊತ್ತಿತ್ತು, ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟಿದ್ದರು. ಸಾಗರದ ಅರಣ್ಯ ಕಚೇರಿಯ ಅನುಮತಿಯ ಪ್ರತಿ ಲಗತ್ತಿಸಿದ್ದೇನೆ.

ಈ ಮಚ್ಚೆ ವರ್ಷಕ್ಕೆ ಒಂದು ಕೂದಲೆಳೆಯಷ್ಟು ಬೆಳೆದರೆ ಹೆಚ್ಚು. ನಮ್ಮ ಕಡೆ ಮಳೆಗಾಲದಲ್ಲಿ ಕಂಬಕ್ಕೂ ಚಿಗುರು ಬರುತ್ತದೆ. ಇದು ಮಾತ್ರ ಮಳೆಯಲ್ಲಿ ಬೆಳೆಯುವಂತೆ ಕಾಣುವುದಿಲ್ಲ. ಹಾಗಾದರೆ ಬೆಳೆಯುವುದು ಯಾವಾಗ? ಇದೊಂದೇ ನನ್ನ ಪ್ರಶ್ನೆ.

ಉಪಯೋಗ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ, ನನಗೆ ತಿಳಿದಂತೆ ಏನೂ ಇಲ್ಲ. ತಿಳಿದುಕೊಳ್ಳುವ ಕುತೂಹಲ, ಅಷ್ಟೇ.

ವಾಗ್ದೇವಿ


ಹಿರೇಬಂಡೆ
3 ಜುಲೈ 2023

ವಾಗ್ದೇವಿ ಮೇಡಂ ಅವರಿಗೆ,

ಸುಬ್ಬಪ್ಪ ತೀರಿಹೋಗಿ ಎರಡು ವರ್ಷವಾಯಿತು. ಒಳ್ಳೆಯ ಸಾಕ್ಷಿಯನ್ನೇ ಹಿಡಿದಿದ್ದೀರಿ.

ನಿಮ್ಮ ಪತ್ರವನ್ನು ಮನೆಯ ಜಗುಲಿಯಲ್ಲಿ ಗಟ್ಟಿಯಾಗಿ ಓದಿದೆ. ಯೋಗರಾಜ ಕೇಳಿದ, "ಎಂತದೂ ಉಪಯೋಗ ಇಲ್ದೆ ಯಾರಾದ್ರೂ ಹನ್ನೊಂದು ವರ್ಷ ಬಸ್ ಹತ್ತಿ ಬರ್ತಾರನಾ ಮಾರಾಯಾ? ಒಳಗೊಂದು ಏನೋ ಇರ್ತದೆ." ಕನ್ನಮ್ಮ ಮಾತ್ರ ನಿಮ್ಮ ಪರವಾಗಿ ಒಂದು ಮಾತು ಹೇಳಿದಳು. "ಆಯಮ್ಮನ್ನ ನಾನು ಒಂದ್ಸಲ ನೋಡಿದೀನಿ. ಬಂಡೆ ಮೇಲೆ ಹೊಟ್ಟೆ ಅಡಿ ಹಾಕಿ ಒಂದು ಗಂಟೆ ಮಲ್ಗಿದ್ರು. ಪಾಪ, ತಲೆ ಸರಿ ಇಲ್ಲ ಅಂದ್ಕಂಡೆ." ಇದಕ್ಕಿಂತ ಹೆಚ್ಚಿನ ಬೆಂಬಲ ನಮ್ಮೂರಲ್ಲಿ ನಿಮಗಿಲ್ಲ.

ಅನುಮತಿ ಪತ್ರದಲ್ಲಿ "ವೈಜ್ಞಾನಿಕ ಅಧ್ಯಯನ" ಎಂದಿದೆ. ಆ ಮಾತು ನಮಗೆ ಹಳೆಯದು. ಹೊಳೆಕೊಪ್ಪಕ್ಕೆ ಬಂದವರೂ ಮೊದಲು ಅಧ್ಯಯನ ಎಂದೇ ಬಂದರು, ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿದು ಹೋದರು. ಕಳ್ಳ ತಾನು ಏನು ಕದಿಯಲು ಬಂದೆ ಎಂದು ಹೇಳಿದರೆ ಕಾಯುವುದು ಸುಲಭ. ಏನೂ ಬೇಡ, ಸುಮ್ಮನೆ ನೋಡಲು ಬಂದೆ ಎನ್ನುವವನನ್ನು ಹೇಗೆ ಕಾಯುವುದು?

ಈ ಊರಿಗೆ ಉತ್ತರ ಕೊಡಬೇಕಾದವನು ನಾನು. ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸಿದ ಮೇಲೆ ಸಮಿತಿಯ ಸಭೆ. ಅಷ್ಟರೊಳಗೆ ನಿಜವಾದ ಉಪಯೋಗ ಏನೆಂದು ಬರೆಯಿರಿ. ಇಲ್ಲವಾದರೆ ಚುಕ್ಕೆಗಳನ್ನು ಉಜ್ಜಿ ತೆಗೆಯುವುದೆಂದು ಠರಾವು ಆಗುತ್ತದೆ. ನೀವು ಮುಂದೆ ಇತ್ತ ಬರುವುದೂ ಬೇಡ.

ಜಟ್ಟಪ್ಪ


ತೀರ್ಥಹಳ್ಳಿ
18 ಜುಲೈ 2023

ಗ್ರಾಮ ಅರಣ್ಯ ಸಮಿತಿಯ ಅಧ್ಯಕ್ಷರಿಗೆ,

ತಮ್ಮ ಪತ್ರಕ್ಕೆ ಉತ್ತರವಾಗಿ ಈ ಕೆಳಗಿನ ವಿವರಣೆ.

ಈ ಭಾಗದ ಅಡಿಕೆ ಬೆಳೆಗೆ ಬಂದಿರುವ ಎಲೆಚುಕ್ಕಿ ರೋಗಕ್ಕೆ ಒಂದು ಶಿಲೀಂಧ್ರ ಕಾರಣವೆಂದು ತಮಗೆ ತಿಳಿದೇ ಇದೆ. ಕಲ್ಲುಹೂವಿನಲ್ಲಿ ಬೇರೆ ಶಿಲೀಂಧ್ರಗಳನ್ನು ತಡೆಯುವ ಸತ್ವಗಳಿರುತ್ತವೆ. ಹಿರೇಬಂಡೆಯ ಕಲ್ಲುಹೂವಿನ ಅಧ್ಯಯನವು ಎಲೆಚುಕ್ಕಿ ರೋಗಕ್ಕೆ ಔಷಧ ಕಂಡುಹಿಡಿಯಲು ನೆರವಾಗಲಿದೆ. ಆದ್ದರಿಂದ ಗುರುತುಗಳನ್ನು ಹಾಗೆಯೇ ಉಳಿಸಿ ಸಹಕರಿಸಬೇಕಾಗಿ ಕೋರಿಕೆ.

ಕಾಲೇಜಿನ ಮೊಹರು ಹಾಕಲಾಗಿದೆ.

ವಾಗ್ದೇವಿ
ಸಹ ಪ್ರಾಧ್ಯಾಪಕಿ, ಸಸ್ಯಶಾಸ್ತ್ರ ವಿಭಾಗ


ಹಿರೇಬಂಡೆ
21 ಆಗಸ್ಟ್ 2023

ಮೇಡಂ ಅವರಿಗೆ ನಮಸ್ಕಾರ.

ಇದನ್ನು ಮೊದಲೇ ಹೇಳಬಾರದಿತ್ತೇ? ಸುಮ್ಮನೆ ಎರಡು ತಿಂಗಳು ನನ್ನ ನಿದ್ದೆ ಕೆಡಿಸಿದಿರಿ.

ಸಭೆಯಲ್ಲಿ ನಿಮ್ಮ ಪತ್ರವನ್ನು ನಾನೇ ಓದಿದೆ. ಹಿಂದೆ ಕೂತವರು ಕೇಳಲಿಲ್ಲವೆಂದರು, ಇನ್ನೊಮ್ಮೆ ಓದಿದೆ. ಎಲ್ಲರೂ ಕೈ ಎತ್ತಿದರು. ಯೋಗರಾಜನ ತೋಟಕ್ಕೆ ಎಲೆಚುಕ್ಕಿ ಬಂದು ಎರಡು ವರ್ಷ. ಅವನು ಎದ್ದು ನಿಂತು, "ಜಟ್ಟಪ್ಪಣ್ಣ, ನೀನು ಹೇಳ್ತೀಯ ಅಂದ್ರೆ ನಾ ನಂಬ್ತೀನಿ" ಎಂದ. ಅವನು ಹಾಗೆ ಒಪ್ಪುವ ಪೈಕಿ ಅಲ್ಲ.

ನನ್ನಲ್ಲಿ ಒಂದು ಸಂಶಯ ಉಳಿದಿತ್ತು. ಮೊದಲ ಪತ್ರದಲ್ಲಿ ಏನೂ ಇಲ್ಲ ಎಂದವರು ಎರಡನೆಯದರಲ್ಲಿ ಔಷಧ ಎನ್ನುತ್ತಾರಲ್ಲ ಎಂದು. ಆಮೇಲೆ ಹೊಳೆಯಿತು. ಔಷಧದ ಕಂಪನಿಯವರ ಕಿವಿಗೆ ಬೀಳಬಾರದೆಂದು ಮುಚ್ಚಿಟ್ಟಿದ್ದಿರಿ, ಅಲ್ಲವೇ? ಸರಿಯಾಗಿಯೇ ಮಾಡಿದಿರಿ. ನಾವೂ ಹೊರಗೆ ಬಾಯಿ ಬಿಟ್ಟಿಲ್ಲ.

ದನ ಮೈ ಉಜ್ಜಬಾರದೆಂದು ಬಂಡೆಗಳ ಸುತ್ತ ಮುಳ್ಳು ಹಾಕಿಸಿದ್ದೇನೆ. ದಿನಾ ಬೆಳಿಗ್ಗೆ ಒಂದು ಸುತ್ತು ಹೋಗಿ ಬರುತ್ತೇನೆ. ಔಷಧ ಯಾವಾಗ ಸಿಗಬಹುದು ಎಂದು ಯೋಗರಾಜ ಕೇಳುತ್ತಿದ್ದಾನೆ. ಮುಂದಿನ ಮಳೆಗಾಲಕ್ಕೆ ಆದೀತೇ?

ಜಟ್ಟಪ್ಪ


ಹಿರೇಬಂಡೆ
30 ಅಕ್ಟೋಬರ್ 2023

ಮೇಡಂ,

ಉತ್ತರ ಬರಲಿಲ್ಲ. ಕೆಲಸದ ಒತ್ತಡ ಇರಬಹುದು.

ಮಳೆ ಬಿಟ್ಟು ಇಬ್ಬನಿ ಶುರುವಾಗಿದೆ. ಒಂದು ವಿಷಯ ನೋಡಿದೆ. ಬೆಳಿಗ್ಗೆ ಹೋದರೆ ನಿಮ್ಮ ಮಚ್ಚೆಗಳು ಬೂದಿ ಬಣ್ಣದಲ್ಲಿ ಇರುವುದಿಲ್ಲ, ತೆಳು ಹಸಿರಾಗಿರುತ್ತವೆ. ಎಂಟು ಗಂಟೆಗೆ ಬಿಸಿಲು ಬಿದ್ದ ಮೇಲೆ ಮತ್ತೆ ಬೂದಿ. ಹದಿನೇಳನೆಯದು ದೊಡ್ಡದಲ್ಲವೇ, ಅದರಲ್ಲಿ ಅಂಚು ಮಾತ್ರ ಹಸಿರು, ನಡು ಅಷ್ಟಾಗಿ ಇಲ್ಲ. ಔಷಧಕ್ಕೆ ತೆಗೆಯುವುದು ಹಸಿರಾಗಿದ್ದಾಗಲೋ, ಒಣಗಿದಾಗಲೋ?

ಯೋಗರಾಜ ರೋಗ ಬಂದ ಎಲೆಗಳನ್ನು ಕವರಿನಲ್ಲಿ ಕಟ್ಟಿ ಇಟ್ಟಿದ್ದಾನೆ, ನೀವು ಬಂದಾಗ ಕೊಡಲು.

ಜಟ್ಟಪ್ಪ


ತೀರ್ಥಹಳ್ಳಿ
12 ನವೆಂಬರ್ 2023

ಜಟ್ಟಪ್ಪನವರೇ,

ನಿಮ್ಮ ಎರಡು ಪತ್ರಗಳೂ ಮೇಜಿನ ಮೇಲಿವೆ. ಉತ್ತರ ಬರೆಯಲು ನನಗೆ ಧೈರ್ಯ ಬರಲಿಲ್ಲ.

ನಾನು ಸುಳ್ಳು ಹೇಳಿದೆ. ಎಲೆಚುಕ್ಕಿ ರೋಗಕ್ಕೂ ನನ್ನ ಕೆಲಸಕ್ಕೂ ಸಂಬಂಧವಿಲ್ಲ. ಕೆಲವು ಕಲ್ಲುಹೂವುಗಳಲ್ಲಿ ಅಂಥ ಸತ್ವ ಇರುವುದು ನಿಜ. ಆದರೆ ನಾನು ಅದನ್ನು ಹುಡುಕುತ್ತಿಲ್ಲ, ಹುಡುಕುವ ವಿದ್ಯೆಯೂ ನನ್ನದಲ್ಲ. ಹಿರೇಬಂಡೆಯಿಂದ ಯಾವ ಔಷಧವೂ ಬರುವುದಿಲ್ಲ. ಯೋಗರಾಜ ಅವರಿಗೆ ದಯವಿಟ್ಟು ತಿಳಿಸಿ. ರೋಗದ ಎಲೆಗಳನ್ನು ಅವರು ತೋಟಗಾರಿಕೆ ಇಲಾಖೆಯವರಿಗೆ ತೋರಿಸುವುದು ಒಳ್ಳೆಯದು.

ಯಾಕೆ ಹೇಳಿದೆ ಎಂದರೆ, ನನ್ನ ಕೈಗೆ ಅಭ್ಯಾಸವಾಗಿದೆ. ನಾವು ತುಂಬುವ ಪ್ರತಿ ಅರ್ಜಿಯಲ್ಲೂ "ಸಮಾಜಕ್ಕೆ ಪ್ರಯೋಜನ" ಎಂದು ನಾಲ್ಕು ಸಾಲಿನ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಏನು ಬರೆದರೆ ಒಪ್ಪುತ್ತಾರೋ ಅದನ್ನು ಬರೆಯುತ್ತೇವೆ. ಯಾರೂ ಬಂದು ಪರೀಕ್ಷಿಸುವುದಿಲ್ಲ. ನೀವೂ ಅಂಥದೊಂದು ಜಾಗ ಬಿಟ್ಟು ತುಂಬಿಸಿ ಎಂದಿರಿ, ನಾನು ತುಂಬಿಸಿದೆ. ಹನ್ನೊಂದು ವರ್ಷದ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಆದರೆ ಹೆದರಿಕೆ ನನ್ನದು, ನಂಬಿ ಕೈ ಎತ್ತಿದವರು ನೀವು. ನನಗೆ ನಾಚಿಕೆಯಾಗಿದೆ.

(ಎರಡನೆಯ ಹಾಳೆ)

ಇನ್ನು ನನ್ನ ಪರವಾಗಿ ಹೇಳಿಕೊಳ್ಳುವುದು. ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಿಮ್ಮ ಕಾಡಿನಲ್ಲಿ, ಊರಿನವರೆಲ್ಲರ ಬಂಡೆಯ ಮೇಲೆ, ಯಾರಿಗೂ ಬೇಡದ್ದನ್ನು ಯಾಕೆ ಅಳೆಯಬೇಕು?

ಎಲೆಚುಕ್ಕಿಗೆ ಔಷಧ ಹುಡುಕುತ್ತಿರುವವರು ಬೇರೆ ಇದ್ದಾರೆ. ಆದರೆ ಆ ರೋಗ ತರುವ ಬೂಷ್ಟನ್ನು ಮೊದಲು ಗುರುತಿಸಿ, ಅದರ ಚಿತ್ರ ಬರೆದು, ಅದು ಹೇಗೆ ಬದುಕುತ್ತದೆ ಎಂದು ಬರೆದಿಟ್ಟವರು ಯಾರೋ ಇದ್ದಿರಬೇಕಲ್ಲ. ಆ ಕಾಲದಲ್ಲಿ ಅವರನ್ನೂ ಊರಿನವರು ಕೇಳಿರುತ್ತಾರೆ, ಇದರಿಂದ ಏನು ಸಿಗುತ್ತದೆ ಎಂದು. ಅವರ ಬಳಿಯೂ ಉತ್ತರ ಇದ್ದಿರಲಾರದು. ನನ್ನ ಕೆಲಸವೂ ಮುಂದೆಂದೋ ಹಾಗೆ ನೆರವಾಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಇನ್ನೊಂದು ಸುಳ್ಳು ಬೇಡ. ತಿಳಿಯದೆ ಇರುವುದು ನನ್ನಿಂದಾಗುವುದಿಲ್ಲ, ಅದಕ್ಕೇ ಬರುತ್ತೇನೆ. ಜಗತ್ತಿನಲ್ಲಿ ಅದಕ್ಕೂ ಸ್ವಲ್ಪ ಜಾಗ ಇರಬೇಕು ಎನ್ನುವುದು ನನ್ನ ಹಟ.

ಹದಿನೇಳನೆಯ ಮಚ್ಚೆ ನಾಲ್ಕು ಬೆರಳಿಗೆ ಸ್ವಲ್ಪ ಕಡಿಮೆ ಅಗಲವಿದೆ. ಅದು ಬೆಳೆಯುವ ವೇಗದಿಂದ ಲೆಕ್ಕ ಹಾಕಿದರೆ ವಯಸ್ಸು ಮುನ್ನೂರರ ಹತ್ತಿರ. ಕೆಳದಿಯ ಅರಸರು ನಗರದ ಕೋಟೆಯಲ್ಲಿ ಇದ್ದಾಗ ಹುಟ್ಟಿದ್ದು, ಇನ್ನೂ ಜೀವಂತ ಇದೆ. ನಿಮ್ಮ ಊರಿನಲ್ಲಿ ಅದಕ್ಕಿಂತ ಹಿರಿಯರು ಯಾರೂ ಇಲ್ಲ.

ಮತ್ತೊಂದು. ಬೆಳಿಗ್ಗೆ ಎಂಟರ ತನಕ ಹಸಿರು ಎಂದು ಬರೆದಿರಲ್ಲ, ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ನಾನು ಬರುವ ಬಸ್ಸು ಹನ್ನೊಂದು ಗಂಟೆಗೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅದನ್ನು ಹಸಿರಾಗಿ ನೋಡಿಲ್ಲ. ಹಸಿರಾಗುವುದು ಎಂದರೆ ಅದು ಎಚ್ಚರವಾಗಿ ಉಣ್ಣುವ ಹೊತ್ತು. ಬೆಳೆಯುವುದು ಮಳೆಗಲ್ಲ, ಇಬ್ಬನಿಗೆ ಇರಬಹುದು. ನನ್ನ ಪ್ರಶ್ನೆಗೆ ಹತ್ತಿರ ಬಂದವರು ನೀವು. ಇನ್ನೂ ನಿಮಗೆ ಸುಳ್ಳು ಹೇಳಿಕೊಂಡಿರಲು ನನ್ನಿಂದ ಆಗಲಿಲ್ಲ.

ವಾಗ್ದೇವಿ


ತೀರ್ಥಹಳ್ಳಿ
28 ಡಿಸೆಂಬರ್ 2023

ಜಟ್ಟಪ್ಪನವರೇ,

ಉತ್ತರವಿಲ್ಲ. ಸಿಟ್ಟು ಬಂದಿದ್ದರೆ ಅದು ಸರಿಯೇ. ಜನವರಿಯ ಅಳತೆಗೆ ಬರಬಹುದೋ ಬೇಡವೋ, ಒಂದು ಕಾರ್ಡು ಹಾಕಿ.

ವಾಗ್ದೇವಿ


ಹಿರೇಬಂಡೆ
22 ಜನವರಿ 2024

ವಾಗ್ದೇವಿ ಮೇಡಂ ಅವರಿಗೆ,

ಬರಬೇಡಿ. ಅಳೆಯಲು ಏನೂ ಉಳಿದಿಲ್ಲ.

ನಿಮ್ಮ ನವೆಂಬರ್ ಪತ್ರವನ್ನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನಿಂತೇ ಒಡೆದೆ. ಮೊದಲ ಹಾಳೆ ಓದಿದೆ. ಎರಡನೆಯದನ್ನು ಓದಲಿಲ್ಲ. ಮಡಿಚಿ ಜೇಬಿಗೆ ಹಾಕಿಕೊಂಡು ನೇರ ಯೋಗರಾಜನ ಮನೆಗೆ ಹೋದೆ, ಇನ್ನು ನಾಲ್ಕು ಜನರನ್ನು ಕರೆದೆ. ಎಲ್ಲರ ಮುಂದೆ ಹೇಳಿದೆ. ಯೋಗರಾಜ ನನಗೆ ಬೈಯಲಿಲ್ಲ. "ಹೋಗ್ಲಿ ಬಿಡಣ್ಣ, ನಿಂಗೂ ಅವ್ರು ಹೇಳಿದ್ದೇ ಅಲ್ವಾ" ಎಂದ. ಬೈದಿದ್ದರೆ ವಾಸಿಯಿತ್ತು.

ಕಬ್ಬಿಣದ ಬ್ರಷ್ಷು, ಸೋಪಿನ ನೀರು ತೆಗೆದುಕೊಂಡು ಹೋಗಿ ಇಪ್ಪತ್ನಾಲ್ಕನ್ನೂ ಉಜ್ಜಿದೆವು. ಚುಕ್ಕೆ ಮಾತ್ರ ಅಲ್ಲ, ಮಚ್ಚೆಯನ್ನೂ. ಹದಿನೇಳನೆಯದನ್ನು ಉಜ್ಜಿದವನು ನಾನೇ. ಬಣ್ಣ ಹಟ ಮಾಡಿತು. ಮಚ್ಚೆ ಮಾತ್ರ ಬೂದಿಯ ಹಾಗೆ ಪುಡಿಯಾಗಿ ಅಂಗೈಗೆ ಮೆತ್ತಿಕೊಂಡಿತು.

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಹೊಳೆಕೊಪ್ಪಕ್ಕೆ ಸರ್ವೆಯವರು ಬಂದಾಗ ಅವರ ಅಳತೆಯ ಕೋಲು ಹಿಡಿದು ನಿಂತವನು ನನ್ನ ಅಪ್ಪ ಭೂತಪ್ಪ. ಸಾಹೇಬರು ಏನು ಹೇಳಿದರೋ ಅದನ್ನು ಮನೆಮನೆಗೆ ಹೋಗಿ ಹೇಳಿದ. ಊರಿಗೆಲ್ಲ ಬೆಳಕು ಬರುತ್ತದೆ, ದೇಶಕ್ಕೆಲ್ಲ ಉಪಯೋಗ ಎಂದು. ನಂಬಿಯೇ ಹೇಳಿದ. ಊರು ಮುಳುಗಿದ ಮೇಲೆ ಜನ ಅವನನ್ನು ಮಾತಾಡಿಸುವುದನ್ನು ಬಿಟ್ಟರು. ಹೊಸ ಊರಿನಲ್ಲಿ ಮದುವೆ ಮನೆಗೆ ಹೋದರೆ ಅವನ ಪಂಕ್ತಿಯಲ್ಲಿ ಎರಡೂ ಕಡೆ ಎಲೆ ಖಾಲಿ ಇರುತ್ತಿತ್ತು. ನಾನು ನೋಡಿದ್ದೇನೆ, ನನಗಾಗ ಒಂಬತ್ತು ವರ್ಷ. ಆಗಸ್ಟ್ ಹದಿನೈದಕ್ಕೆ ನಿಮ್ಮ ಪತ್ರ ಹಿಡಿದು ಸಭೆಯಲ್ಲಿ ನಿಂತಾಗ ನಾನು ಮಾಡಿದ್ದೂ ಅವನ ಕೆಲಸವನ್ನೇ. ಅದಕ್ಕೆ ಅಷ್ಟು ಸಿಟ್ಟು ಬಂತು.

ಎರಡನೆಯ ಹಾಳೆ ಓದಿದ್ದು ಸಂಕ್ರಾಂತಿ ಕಳೆದ ಮೇಲೆ. ಆವತ್ತೇ ಅಂಗಿ ಒಗೆಯುವಾಗ ಜೇಬಿನಿಂದ ತೆಗೆದಿಟ್ಟಿದ್ದನ್ನು ಕನ್ನಮ್ಮ ಆಗ ತಂದು ಕೊಟ್ಟಳು. ಮುನ್ನೂರು ವರ್ಷ ಎಂದು ಓದಿ ಅಲ್ಲೇ ಕೂತೆ. ಎಲ್ಲವೂ ಕಾಗದದಲ್ಲೇ ಬೇಕು ಎಂದವನು ನಾನು, ಕಾಗದವನ್ನು ಪೂರ್ತಿ ಓದಲಿಲ್ಲ.

ನಮ್ಮ ಬಳಿ ಬಂದವರೆಲ್ಲ ಉಪಯೋಗ ಹೇಳಿಕೊಂಡೇ ಬಂದವರು. ಉಪಯೋಗ ಇದೆ ಎಂದವರೇ ನಮ್ಮನ್ನು ಮುಳುಗಿಸಿದ್ದು. ಏನೂ ಇಲ್ಲ ಎಂದು ನಿಜ ಹೇಳಿಕೊಂಡು ಬಂದವರು ನೀವೊಬ್ಬರೇ, ನಿಮ್ಮನ್ನು ನಾನು ನಂಬಲಿಲ್ಲ. ಸುಳ್ಳು ಹೇಳಿದಾಗ ನಂಬಿದೆ. ನಿಮ್ಮ ತಪ್ಪು ನಿಮಗಿರಲಿ, ನನ್ನದನ್ನು ನಾನು ಒಪ್ಪಿಕೊಳ್ಳುತ್ತೇನೆ.

ಉಜ್ಜಿದ ಜಾಗದಲ್ಲಿ ಅದು ಮತ್ತೆ ಬರುತ್ತದೆಯೇ? ಬಂದರೆ ಎಷ್ಟು ದಿನಕ್ಕೆ?

ಜಟ್ಟಪ್ಪ


ತೀರ್ಥಹಳ್ಳಿ
9 ಫೆಬ್ರವರಿ 2024

ಜಟ್ಟಪ್ಪನವರೇ,

ಪತ್ರ ಓದಿ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೇ ಅತ್ತೆ. ನಿಮ್ಮ ಮೇಲೆ ಸಿಟ್ಟಿದೆ. ಅದಕ್ಕಿಂತ ಹೆಚ್ಚು ನನ್ನ ಮೇಲಿದೆ. ಹನ್ನೊಂದು ವರ್ಷದ ಫೋಟೋಗಳಿವೆ, ಅವುಗಳ ಮುಂದಿನದು ಇನ್ನು ಇಲ್ಲ. ಬೇರೆ ಕಡೆ ಹೊಸದಾಗಿ ಶುರು ಮಾಡಿದರೆ ಮುಗಿಸುವಷ್ಟು ವರ್ಷ ನನ್ನ ಸರ್ವಿಸಿನಲ್ಲಿ ಉಳಿದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ನಮ್ಮ ಕಡೆಯ ಬಂಡೆಗಳ ಮೇಲೆ ಅದನ್ನು ಯಾರಾದರೂ ಕೂತು ನೋಡಿದ್ದಾರೆಂದು ನಾನು ಕೇಳಿಲ್ಲ. ಮೊದಲ ಕುರುಹಿಗೆ ಎರಡು ವರ್ಷ ಆಗಬಹುದು, ಹತ್ತೂ ಆಗಬಹುದು. ಮೊದಲಿನಷ್ಟು ಅಗಲವಾಗಲು ಇನ್ನು ಮುನ್ನೂರು ವರ್ಷ.

ಇದು ನಿಮಗೆ ಯಾಕೆ ಬೇಕು? ಸಭೆಯಲ್ಲಿ ಓದುವುದಕ್ಕೋ? ನನ್ನ ಮೇಲೆ ದೂರು ಕೊಡುವ ಯೋಚನೆ ಇದ್ದರೆ ನೇರವಾಗಿ ಹೇಳಿ. ಯಾರು ಏನು ಕೇಳಿದರೂ ಈಗ ನನಗೆ ಅದರ ಹಿಂದೆ ಏನಿದೆಯೋ ಎನಿಸುತ್ತದೆ.

ವಾಗ್ದೇವಿ


ಹಿರೇಬಂಡೆ
4 ಮಾರ್ಚ್ 2024

ವಾಗ್ದೇವಿ ಮೇಡಂ ಅವರಿಗೆ,

ಯಾಕೆ ಬೇಕು ಎಂದು ಕೇಳಿದ್ದೀರಿ. ಊರಿನವರೂ ಅದನ್ನೇ ಕೇಳುತ್ತಿದ್ದಾರೆ. ನಾನು ದಿನಾ ಬೆಳಿಗ್ಗೆ ಉಜ್ಜಿದ ಬಂಡೆಯ ಹತ್ತಿರ ಹೋಗುವುದನ್ನು ಕಂಡು ಯೋಗರಾಜ ಮೊನ್ನೆ ದಾರಿಗೆ ಅಡ್ಡ ನಿಂತ. "ಎಂತಕ್ಕಣ್ಣ ದಿನಾ ಅಲ್ಲಿಗೆ ಹೋಗ್ತೀಯ?" ಎಂದ. "ಸುಮ್ನೆ, ನೋಡಕ್ಕೆ" ಎಂದೆ. ಅವನು ನನ್ನ ಮುಖ ನೋಡಿ ದಾರಿ ಬಿಟ್ಟ. ಸಂಜೆಯ ಹೊತ್ತಿಗೆ ಊರಲ್ಲಿ ಸುದ್ದಿ. ಜಟ್ಟಪ್ಪನನ್ನು ಯಾವುದೋ ಕಂಪನಿಯವರು ಒಳಗೆ ಹಾಕಿಕೊಂಡಿದ್ದಾರಂತೆ. ಅಧ್ಯಕ್ಷನ ಕೆಲಸ ಬಿಡು ಎಂದರು, ಬಿಟ್ಟೆ. ಈಗ ನನ್ನ ಪಕ್ಕ ಯಾರು ಕೂರುತ್ತಾರೆ, ಯಾರು ಕೂರುವುದಿಲ್ಲ ಎಂದು ಮುಂದಿನ ಮದುವೆಯಲ್ಲಿ ಗೊತ್ತಾಗುತ್ತದೆ. ಹೆದರಿಕೆ ಇದೆ. ಆದರೂ ಹೋಗುವುದನ್ನು ಬಿಡಲು ಮನಸ್ಸಿಲ್ಲ.

ದೂರು ಗೀರು ಏನೂ ಇಲ್ಲ. ನನಗೀಗ ಅರವತ್ತೊಂಬತ್ತು. ಹತ್ತು ವರ್ಷ ಎಂದರೆ ನಾನು ಇರುತ್ತೇನೋ ಇಲ್ಲವೋ, ಮುನ್ನೂರರ ಮಾತು ಬೇಡವೇ ಬೇಡ. ಇದರಿಂದ ನನಗೆ ಸಿಗುವುದು ಏನೂ ಇಲ್ಲ. ಅದು ಎಲ್ಲಿಂದ ಶುರುವಾಗುತ್ತದೆ, ನಡುವಿನಿಂದಲೋ, ಪಕ್ಕದ ಬಂಡೆಯಿಂದ ಹರಿದು ಬರುತ್ತದೋ, ಅದೊಂದು ಗೊತ್ತಾಗಬೇಕು. ರಾತ್ರಿ ಮಲಗಿದರೂ ಅದೇ ಯೋಚನೆ.

ನಿಮ್ಮನ್ನು ಕರೆಯಲು ಸಮಿತಿ ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಆದರೆ ಹದಿನೇಳರ ಬಂಡೆ ಇರುವುದು ನನ್ನ ಸ್ವಂತ ಹಕ್ಕಲು ಜಮೀನಿನ ಅಂಚಿನಲ್ಲಿ. ಅಲ್ಲಿಗೆ ಬರಲು ನನ್ನ ಒಪ್ಪಿಗೆ ಸಾಕು, ಇದನ್ನೇ ಒಪ್ಪಿಗೆ ಪತ್ರ ಎಂದು ಇಟ್ಟುಕೊಳ್ಳಿ. ಹನ್ನೊಂದರ ಬಸ್ಸಿಗೆ ಬರಬೇಡಿ. ಹಿಂದಿನ ದಿನವೇ ಬಂದು ನಮ್ಮಲ್ಲಿ ಉಳಿಯಿರಿ ಎಂದು ಕನ್ನಮ್ಮ ಹೇಳುತ್ತಿದ್ದಾಳೆ.

ಬರುವಾಗ ನಿಮ್ಮ ಭೂತಗನ್ನಡಿ ತನ್ನಿ. ಈವತ್ತು ಬೆಳಿಗ್ಗೆ ಬಂಡೆಯ ಮೇಲೆ ಹೊಟ್ಟೆ ಅಡಿ ಹಾಕಿ ಮಲಗಿಯೇ ನೋಡಿದೆ, ಏನೂ ಕಾಣಲಿಲ್ಲ. ಅಲ್ಲಿ ಏನೂ ಇಲ್ಲವೋ, ಇದ್ದೂ ನನ್ನ ಕಣ್ಣಿಗೆ ಕಾಣುತ್ತಿಲ್ಲವೋ ಎಂದು ಸಂಶಯ.

ಜಟ್ಟಪ್ಪ